ಶವಾಸನದಲ್ಲಿ ಬೆಳಕು ಕಾಣದಿದ್ದರೆ ಯೋಗ ಆಗಲಿಲ್ಲ ಅಂತಾನಾ?

ಕೌಲ್‌ಬಜಾರ್ ಟೈಲರ್ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ನಾನು ಜೀನ್ಸ್ ಹೊಲಿಯುವವನು. ಬೆಳಿಗ್ಗೆಯಿಂದ ರಾತ್ರಿವರೆಗೆ ಮಷಿನ್ ಮುಂದೆ ಕುತ್ತಿಗೆ ಬಗ್ಗಿಸಿ ಕೂರುವ ಕೆಲಸ. ಬಲ ಭುಜ ಹಿಡಿದುಕೊಂಡು ನಿದ್ದೆಯೇ ಬರುತ್ತಿರಲಿಲ್ಲ. ಅದಕ್ಕೆ ಮನೆ ಹತ್ತಿರದ ಯೋಗ ತರಗತಿಗೆ ಸೇರಿಕೊಂಡೆ. ಆಸನಗಳು ಚೆನ್ನಾಗಿ ಒಗ್ಗಿವೆ. ಭುಜಂಗಾಸನ, ಗೋಮುಖಾಸನ ಮಾಡಿದ ದಿನ ಭುಜ ಹಗುರಾಗಿರುತ್ತದೆ.

ನನ್ನ ತೊಂದರೆ ಶವಾಸನದ್ದು. ಗುರುಗಳು ಮೆಲ್ಲಗೆ ಹೇಳುತ್ತಾ ಹೋಗುತ್ತಾರೆ: ನೀವು ಹಿಮಾಲಯದಲ್ಲಿ ಮಲಗಿದ್ದೀರಿ, ಸುತ್ತ ಹಿಮ, ನೆತ್ತಿಯಿಂದ ಬಿಳಿ ಬೆಳಕು ಇಳಿದು ಪಾದದವರೆಗೆ ಹರಿಯುತ್ತಿದೆ, ಅದನ್ನು ನೋಡಿ. ನನಗೆ ಏನೂ ಕಾಣೋದಿಲ್ಲ. ಬೆಳಕೂ ಇಲ್ಲ, ಹಿಮವೂ ಇಲ್ಲ. ರೆಪ್ಪೆ ಒಳಗಿನ ಕಪ್ಪು ಅಷ್ಟೇ. ಮುಗಿದ ಮೇಲೆ ಒಬ್ಬೊಬ್ಬರೂ ನೀಲಿ ಕಂಡೆ, ಹಸಿರು ಕಂಡೆ ಅನ್ನುತ್ತಾರೆ. ನಾನು ಕೇಳಿದ್ದಕ್ಕೆ ಮನಸ್ಸು ಇನ್ನೂ ಶುದ್ಧ ಆಗಬೇಕು ಅನ್ನುವ ಉತ್ತರ ಬಂತು. ಆ ಮಾತು ಮನಸ್ಸಿಗೆ ನಾಟಿದೆ.

ಹೀಗೆ ಕಲ್ಪಿಸಿಕೊಳ್ಳೋಕೆ ಬಾರದವನಿಗೆ ಹಠಯೋಗದ ಒಳಗಿನ ಭಾಗ ಸಿಗೋದೇ ಇಲ್ವಾ? ತಿಳಿದವರು ಹೇಳಿ.

ಸಿಂಧನೂರು ಅಕ್ಕ

ಅಣ್ಣಾ, ನನಗೂ ಹಿಮ ಬರೋದಿಲ್ಲ! ನಾವು ಹಿಮ ನೋಡಿದ್ದಾದರೂ ಎಲ್ಲಿ? ಏಪ್ರಿಲ್ ಬಂದರೆ ನಲವತ್ತು ಡಿಗ್ರಿ ದಾಟುವ ಊರು ನಮ್ಮದು. ನಾನು ಹಿಮಾಲಯ ಬಿಟ್ಟು ತುಂಗಭದ್ರಾ ಎಡದಂಡೆ ಕಾಲುವೆ ಹಿಡಿದೆ. ಚಿಕ್ಕವಳಿದ್ದಾಗ ನಾಟಿ ಮುಗಿಸಿ ಬಂದ ಅಮ್ಮನ ಜೊತೆ ಕಾಲುವೆ ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಬಿಡುತ್ತಿದ್ದೆ. ಹಿಮ್ಮಡಿಗೆ ತಣ್ಣಗೆ ತಾಗಿ, ಬೆರಳ ಸಂದಿಯಲ್ಲಿ ನೀರು ನುಗ್ಗುತ್ತಿತ್ತು. ಅದನ್ನು ನೆನೆದರೆ ಇವತ್ತಿಗೂ ಪಾದ ಸಡಿಲ ಆಗುತ್ತದೆ. ಚಿತ್ರ ಅಂತ ಏನೂ ಕಾಣೋದಿಲ್ಲ, ಪಾದಕ್ಕೆ ಗೊತ್ತಾಗುತ್ತದೆ ಅಷ್ಟೇ.

ಕೊಪ್ಪಳ ಫಿಜಿಯೋ

ಟೈಲರ್ ಅಣ್ಣಾ, ನಿಮ್ಮ ಮನಸ್ಸು ಶುದ್ಧ ಇಲ್ಲ ಅನ್ನೋ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. ಮನಸ್ಸಿನ ಕಣ್ಣಿಗೆ ಚಿತ್ರವೇ ಮೂಡದಿರುವುದು ಎಷ್ಟೋ ಜನರಲ್ಲಿ ಹುಟ್ಟಿನಿಂದಲೇ ಇರುತ್ತದೆ. ಫ್ರಾನ್ಸಿಸ್ ಗಾಲ್ಟನ್ ಎಂಬ ಇಂಗ್ಲೆಂಡಿನ ವಿಜ್ಞಾನಿ 1880ರಲ್ಲೇ ಇದನ್ನು ಗಮನಿಸಿದ್ದ. ಬೆಳಗಿನ ತಿಂಡಿಯ ಮೇಜನ್ನು ನೆನಪಿಸಿಕೊಳ್ಳಿ, ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಹೇಳಿ ಅಂತ ಜನರನ್ನು ಕೇಳಿದ. ಕೆಲವರಿಗೆ ಕಣ್ಣೆದುರು ಇದ್ದಂತೆ ಕಂಡಿತು, ಕೆಲವರಿಗೆ ಏನೂ ಕಾಣಲಿಲ್ಲ. 2015ರಲ್ಲಿ ಆಡಮ್ ಝೆಮನ್ ಎಂಬ ನರವೈದ್ಯರು ಇದಕ್ಕೆ ಅಫ್ಯಾಂಟೇಸಿಯಾ ಅಂತ ಹೆಸರಿಟ್ಟರು. 100 ಜನರಲ್ಲಿ 1ರಿಂದ 4 ಮಂದಿಗೆ ಹೀಗಿರಬಹುದು ಎಂಬುದು ಅಂದಾಜು. ಇದು ರೋಗವಲ್ಲ. ಇಂಥವರಲ್ಲಿ ಚಿತ್ರ ಬರೆಯುವವರೂ ಇದ್ದಾರೆ, ವಿಜ್ಞಾನಿಗಳೂ ಇದ್ದಾರೆ.

ಇನ್ನು ಮುಖ್ಯ ವಿಷಯ. ಕಲ್ಪನೆ ಅಂದರೆ ಕಣ್ಣಿಗೆ ಕಾಣುವುದು ಮಾತ್ರ ಅಂತ ನಾವು ತಿಳಿದಿದ್ದೇವೆ. ದೇಹಕ್ಕೂ ತನ್ನದೇ ಕಲ್ಪನೆ ಇದೆ. ಸಿಂಧನೂರು ಅಕ್ಕ ಪಾದಕ್ಕೆ ಗೊತ್ತಾಗುತ್ತದೆ ಅಂದರಲ್ಲ, ಅದೇ. ಕೈ ಕಾಲು ಎಲ್ಲಿವೆ, ಎಷ್ಟು ಮಡಚಿವೆ ಅನ್ನುವ ಸುದ್ದಿ ಸ್ನಾಯು, ಸ್ನಾಯುರಜ್ಜು, ಕೀಲುಗಳಿಂದ ಪ್ರತಿ ಕ್ಷಣ ಮಿದುಳಿಗೆ ಹೋಗುತ್ತಿರುತ್ತದೆ. ಇದಕ್ಕೆ ಪ್ರೊಪ್ರಿಯೋಸೆಪ್ಷನ್ ಅನ್ನುತ್ತಾರೆ. ಆ ಸುದ್ದಿಯನ್ನು ಹಿಡಿದು ಮಿದುಳು ಒಳಗೊಂದು ದೇಹದ ನಕ್ಷೆ ಇಟ್ಟುಕೊಂಡಿರುತ್ತದೆ. ಆ ನಕ್ಷೆ ಎಲ್ಲ ಸಲ ಸರಿಯಾಗಿರೋದಿಲ್ಲ.

ನಂಬಿಕೆ ಬಾರದಿದ್ದರೆ ಇವತ್ತೇ ವೀರಭದ್ರಾಸನದ ಎರಡನೇ ರೂಪ ಮಾಡಿ ನೋಡಿ. ಎರಡೂ ಕೈ ಭುಜದ ಮಟ್ಟಕ್ಕೆ ಚಾಚಿ, ಮುಂದಿನ ಕೈ ಕಡೆ ತಿರುಗಿ, ಕಣ್ಣು ಮುಚ್ಚಿ. ಹಿಂದಿನ ಕೈಯೂ ನೇರ ಇದೆ ಅನ್ನಿಸುವಲ್ಲಿ ನಿಲ್ಲಿಸಿ. ಆಮೇಲೆ ಕಣ್ಣು ತೆರೆದು ಹಿಂದಿರುಗಿ ನೋಡಿ. ನನ್ನ ಹತ್ತಿರ ಬರುವ ಬಹಳ ಜನರಿಗೆ ಆ ಕೈ ನಾಲ್ಕು ಬೆರಳು ಕೆಳಗೆ ಇಳಿದಿರುತ್ತದೆ. ನಿಮ್ಮಂತೆ ಒಂದೇ ಕಡೆ ಬಾಗಿ ಕೆಲಸ ಮಾಡುವವರಲ್ಲಿ ಇನ್ನೂ ಜಾಸ್ತಿ. ಅವರು ಸುಳ್ಳು ಹೇಳುತ್ತಿಲ್ಲ, ಅವರ ಒಳಗಿನ ನಕ್ಷೆಯಲ್ಲಿ ಕೈ ನೇರವಾಗಿಯೇ ಇದೆ! ಕೈಯನ್ನು ಮಟ್ಟಕ್ಕೆ ತಂದು ಮತ್ತೆ ಕಣ್ಣು ಮುಚ್ಚಿದರೆ ಮೊದಮೊದಲು ಅದು ಮೇಲೆದ್ದಂತೆ ಅನ್ನಿಸುತ್ತದೆ. ಆ ಅನ್ನಿಸಿಕೆ ನಿಧಾನವಾಗಿ ಸರಿಹೋಗುವುದನ್ನು ಗಮನಿಸುವುದೇ ನನ್ನ ಪ್ರಕಾರ ಅರಿವಿನ ಅಭ್ಯಾಸ. ಇದಕ್ಕೆ ಬೆಳಕೂ ಬೇಡ, ಹಿಮವೂ ಬೇಡ.

ಗಂಗಾವತಿ ನಿವೃತ್ತ ಮೇಷ್ಟ್ರು

ಫಿಜಿಯೋ ಅವರು ಚೆನ್ನಾಗಿ ಹೇಳಿದರು. ಆದರೆ ಕಲ್ಪನೆ ಹಠಯೋಗಕ್ಕೆ ಹೊರಗಿನದು ಅಂತ ಯಾರೂ ತಿಳಿಯಬಾರದು, ಅದಕ್ಕೆ ನಾಲ್ಕು ಮಾತು ಬರೆಯುತ್ತೇನೆ. ಮಲ್ಲಾಡಿಹಳ್ಳಿ ರಾಘವೇಂದ್ರ ಸ್ವಾಮೀಜಿಯವರ ಶಿಷ್ಯರೊಬ್ಬರಿಂದ ಆಸನ ಕಲಿತವನು ನಾನು. ಆಮೇಲೆ ಗ್ರಂಥಗಳನ್ನು ಓದಿಕೊಂಡೆ.

ಘೇರಂಡ ಸಂಹಿತೆಯ ಆರನೇ ಅಧ್ಯಾಯ ನೋಡಿ. ಹೃದಯದಲ್ಲಿ ಅಮೃತದ ಸಮುದ್ರವನ್ನು ಭಾವಿಸು ಅನ್ನುತ್ತದೆ. ಅದರ ನಡುವೆ ರತ್ನದ ದ್ವೀಪ, ಮರಳೂ ರತ್ನದ್ದೇ. ಸುತ್ತ ಕದಂಬದ ಮರಗಳು, ಮಲ್ಲಿಗೆ, ಸಂಪಿಗೆ, ಪಾರಿಜಾತದ ಪರಿಮಳ. ನಡುವೆ ನಾಲ್ಕು ಕೊಂಬೆಯ ಕಲ್ಪವೃಕ್ಷ, ಆ ಕೊಂಬೆಗಳೇ ನಾಲ್ಕು ವೇದ. ದುಂಬಿ ಝೇಂಕರಿಸುತ್ತವೆ, ಕೋಗಿಲೆ ಕೂಗುತ್ತವೆ. ಮಂಟಪ, ಸಿಂಹಾಸನ, ಅದರ ಮೇಲೆ ಇಷ್ಟದೇವತೆ. ಎಷ್ಟು ತುಂಬಿದ ಕಲ್ಪನೆ ನೋಡಿ! ಇದಕ್ಕೆ ಸ್ಥೂಲ ಧ್ಯಾನ ಅಂತ ಹೆಸರು. ಅಲ್ಲಿ ಬಣ್ಣ ಮಾತ್ರ ಇಲ್ಲ. ವಾಸನೆ ಇದೆ, ಸದ್ದು ಇದೆ. ಕಣ್ಣಿಗೆ ಬಾರದವನು ಮಲ್ಲಿಗೆಯ ವಾಸನೆ ಹಿಡಿದೇ ಒಳಗೆ ಹೋಗಬಹುದು.

ಅದೇ ಅಧ್ಯಾಯ ಮುಂದೆ ಏನನ್ನುತ್ತದೆ? ಸ್ಥೂಲಕ್ಕಿಂತ ಜ್ಯೋತಿಧ್ಯಾನ ನೂರು ಪಾಲು ಮೇಲು, ಜ್ಯೋತಿಗಿಂತ ಸೂಕ್ಷ್ಮಧ್ಯಾನ ಲಕ್ಷ ಪಾಲು ಮೇಲು. ಅಂದರೆ ದ್ವೀಪ, ಮಂಟಪ ಎಲ್ಲ ಮೊದಲ ಮೆಟ್ಟಿಲು. ಅಲ್ಲೇ ಮನೆ ಮಾಡಿಕೊಂಡು ಕೂರಬೇಡ ಅಂತ ಗ್ರಂಥವೇ ಹೇಳಿದಂತಾಯಿತು.

ಪತಂಜಲಿಗಳು ಇನ್ನೂ ಎಚ್ಚರಿಕೆಯವರು. ಚಿತ್ತದ ಐದು ವೃತ್ತಿಗಳಲ್ಲಿ, ಅಂದರೆ ಮನಸ್ಸಿನ ಚಲನೆಗಳಲ್ಲಿ, ವಿಕಲ್ಪವನ್ನು ಸೇರಿಸಿದ್ದಾರೆ. ಮಾತನ್ನು ಹಿಂಬಾಲಿಸಿ ಹುಟ್ಟುವ, ಹಿಂದೆ ವಸ್ತುವೇ ಇಲ್ಲದ ತಿಳಿವಳಿಕೆ ಅದು. ಗುರುಗಳು ಬೆಳಕು ಅಂದ ಕೂಡಲೇ ಬೆಳಕು ಕಂಡೆ ಅನ್ನುವುದು ಇದರೊಳಗೇ ಬರಬಹುದು. ಹಾಗಂತ ಅವರು ಭಾವನೆಯನ್ನು ತಳ್ಳಿಹಾಕಿಲ್ಲ. ಆಸನ ಸಿದ್ಧಿಸುವುದು ಹೇಗೆ ಎಂಬುದಕ್ಕೆ ಎರಡೇ ಉಪಾಯ ಕೊಟ್ಟಿದ್ದಾರೆ: ಪ್ರಯತ್ನವನ್ನು ಸಡಿಲಿಸುವುದು, ಅನಂತನಲ್ಲಿ ಮನಸ್ಸನ್ನು ನಿಲ್ಲಿಸುವುದು. ಭೂಮಿಯನ್ನು ಹೊತ್ತ ಆದಿಶೇಷ ಅಂತ ಕೆಲವರು ಅರ್ಥ ಮಾಡುತ್ತಾರೆ, ಕೊನೆಯಿಲ್ಲದ ಬಯಲು ಅಂತ ಕೆಲವರು. ಎರಡೂ ಭಾವನೆಯೇ ಅಲ್ವಾ?

ಸತ್ಯನಾರಾಯಣಪೇಟೆ ಗರಡಿ (ಬಳ್ಳಾರಿ)

ದೊಡ್ಡವರು ಬರೆದಿದ್ದನ್ನು ಗೌರವದಿಂದ ಓದಿದೆ. ಆದರೂ ಕೇಳುತ್ತೇನೆ. ಬಸ್ಕಿ, ದಂಡ ಹೊಡೆಯುವಾಗ ನಮ್ಮ ಉಸ್ತಾದರು ಯಾವ ಕಲ್ಪನೆಯನ್ನೂ ಹೇಳಲಿಲ್ಲ. ಬೆವರು ಇಳಿಯಿತು, ಮೈ ಗಟ್ಟಿಯಾಯಿತು. ಆಸನವೂ ಹಾಗೇ ಮಾಡಿದರೆ ಸಾಲದಾ? ಸುಮ್ನೆ ಕಣ್ಣು ಮುಚ್ಚಿ ದ್ವೀಪ ಕಟ್ಟುವುದು ಯಾಕೆ?

ಗಂಗಾವತಿ ನಿವೃತ್ತ ಮೇಷ್ಟ್ರು

ಪೈಲ್ವಾನ್ರೇ, ನಿಮ್ಮ ಉಸ್ತಾದರು ಕುಸ್ತಿಗೆ ಇಳಿಯುವ ಮುಂಚೆ ಎದುರಾಳಿಯ ಪಟ್ಟು ಹೇಗಿರುತ್ತದೆ ಅಂತ ಮನಸ್ಸಲ್ಲೇ ಆಡಿ ನೋಡು ಅಂತ ಹೇಳಿಲ್ವಾ? ಆಸನಗಳ ಹೆಸರನ್ನೇ ನೋಡಿ: ಭುಜಂಗ, ಮಯೂರ, ಕೂರ್ಮ, ಶಲಭ, ವೃಕ್ಷ, ಶವ. ಹೆಸರಿನಲ್ಲೇ ಭಾವನೆ ಸೇರಿಕೊಂಡಿದೆ. ಹಠಯೋಗ ಪ್ರದೀಪಿಕೆ ಶವಾಸನಕ್ಕೆ ಕೊಡುವ ವಿವರಣೆ ಅರ್ಧ ಶ್ಲೋಕ: ಹೆಣದಂತೆ ನೆಲದ ಮೇಲೆ ಅಂಗಾತ ಮಲಗುವುದು. ದಣಿವು ಕಳೆಯುತ್ತದೆ, ಚಿತ್ತಕ್ಕೆ ವಿಶ್ರಾಂತಿ ಸಿಗುತ್ತದೆ ಅಂತ ಉಳಿದರ್ಧ. ಹಿಮಾಲಯವೂ ಇಲ್ಲ, ಬಿಳಿ ಬೆಳಕೂ ಇಲ್ಲ. ಹೆಣದಂತೆ ಅನ್ನುವ ಒಂದೇ ಭಾವನೆ ಸಾಕು ಅಂದಿದ್ದಾರೆ.

ನದಿ ದಾಟಿ ಹಂಪಿಗೆ ಹೋದರೆ ದೇವಸ್ಥಾನಗಳ ಕಂಬಗಳಲ್ಲಿ ಆಸನ ಹಾಕಿದ ಯೋಗಿಗಳನ್ನು ಕೆತ್ತಿದ್ದಾರೆ, ಮಂಟಪದ ನೆರಳಲ್ಲಿ ಒಂದೊಂದೇ ಕಂಬ ನೋಡುತ್ತಾ ಹೋಗಿ. ಕಾಲು ಕುತ್ತಿಗೆ ಹಿಂದೆ ಹಾಕಿದವರೂ ಇದ್ದಾರೆ. ದೇಹವನ್ನು ಅಷ್ಟು ತಿರುಚಿದ್ದರೂ ಮುಖದಲ್ಲಿ ಬಿಗಿ ಕಾಣೋದಿಲ್ಲ. ನಮ್ಮ ಕಡೆಯ ಶಿಲ್ಪಿಗಳು ಇದನ್ನು ಗಮನಿಸಿಯೇ ಕೆತ್ತಿದ್ದಾರೆ ಅನ್ನೋದು ನನ್ನ ನಂಬಿಕೆ.

ಹೊಸಪೇಟೆ ರಸ್ತೆ ಓದುಗ (ಕೊಪ್ಪಳ)

ನನಗೆ ಪ್ರಾಣಾಯಾಮ ಮಾಡುವಾಗ ಗಂಟಲಲ್ಲಿ ನೀಲಿ, ಹೊಟ್ಟೆಯಲ್ಲಿ ಹಳದಿ ಕಾಣುತ್ತದೆ. ಚಕ್ರ ತೆರೆದಿದೆ ಅಂತ ತರಗತಿಯಲ್ಲಿ ಹೇಳಿದರು. ಇದು ಕಲ್ಪನೆಯಾ, ನಿಜವಾ?

ಗಂಗಾವತಿ ನಿವೃತ್ತ ಮೇಷ್ಟ್ರು

ತಮ್ಮಾ, ಬೇಜಾರಾಗಬೇಡ, ನೇರವಾಗಿ ಹೇಳುತ್ತೇನೆ. ಕೆಂಪು, ಕೇಸರಿ, ಹಳದಿ, ಹಸಿರು, ನೀಲಿ ಅಂತ ಕಾಮನಬಿಲ್ಲಿನ ಕ್ರಮದಲ್ಲಿ ಚಕ್ರಗಳಿಗೆ ಬಣ್ಣ ಹಚ್ಚಿದ್ದು 20ನೇ ಶತಮಾನದ ಪಶ್ಚಿಮದ ಬಳಕೆ. ಪೂರ್ಣಾನಂದರು 1577ರಲ್ಲಿ ಬರೆದ ಷಟ್ಚಕ್ರ ನಿರೂಪಣದಲ್ಲಿ ಬಣ್ಣಗಳೇ ಬೇರೆ. ಹೊಟ್ಟೆಯ ಮಣಿಪೂರ ಚಕ್ರದ ದಳಗಳು ಅಲ್ಲಿ ಮಳೆ ತುಂಬಿದ ಮೋಡದ ಬಣ್ಣ. ಹೃದಯದ ಅನಾಹತದ್ದು ಹಸಿರಲ್ಲ, ಬಂಧೂಕ ಹೂವಿನ ಕೆಂಪು. ಗಂಟಲಿನ ವಿಶುದ್ಧಿಯದು ಹೊಗೆ ಬೆರೆತ ನೇರಳೆ. ಗೋಡೆಯ ಮೇಲಿನ ಪಟದಲ್ಲಿ ಹಳದಿ ನೋಡಿದವನಿಗೆ ಹಳದಿ ಕಾಣುತ್ತದೆ, ಮೋಡದ ಬಣ್ಣ ಅಂತ ಕಲಿತವನಿಗೆ ಮೋಡದ ಬಣ್ಣ ಕಾಣುತ್ತದೆ. ಅದು ಅಭ್ಯಾಸಕ್ಕೆ ಕೊಟ್ಟ ಭಾವನೆ. ಗಮನ ಆ ಜಾಗದಲ್ಲಿ ನಿಲ್ಲಲಿ ಎಂದು ಕೊಟ್ಟಿದ್ದು. ಅದು ಕಂಡಿತು ಅನ್ನುವುದರಿಂದ ದೊಡ್ಡವನಾಗುವುದೂ ಇಲ್ಲ, ಕಾಣಲಿಲ್ಲ ಅನ್ನುವುದರಿಂದ ಟೈಲರ್ ಅವರು ಸಣ್ಣವರಾಗುವುದೂ ಇಲ್ಲ. ನಿನಗೆ ನೀಲಿ ಕಂಡಾಗ ಗಂಟಲು ಸಡಿಲ ಆಯಿತಾ, ಉಸಿರು ಸಲೀಸಾಯಿತಾ? ಅದನ್ನು ನೋಡಿಕೊ.

ರಾಯಚೂರು ಟೀಚರ್

ಇಲ್ಲಿಯವರೆಗೆ ಓದಿ ಒಂದು ಮಾತು ಸೇರಿಸಬೇಕು ಅನ್ನಿಸಿತು. ಕಲ್ಪನೆ ಬಿಟ್ಟು ದೇಹವನ್ನು ಗಮನಿಸಿ ಅಂತ ಹೇಳುವುದು ಎಲ್ಲರಿಗೂ ಹೊಂದೋದಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ನನಗೆ ಎದೆ ಬಡಿತದ ಭಯ ಶುರುವಾಯಿತು. ಶವಾಸನದಲ್ಲಿ ಉಸಿರನ್ನು ಗಮನಿಸಿ ಅಂದರೆ ಸಾಕು, ಎದೆ ಡವಡವ ಅನ್ನುತ್ತಿತ್ತು, ಎದ್ದು ಹೊರಗೆ ಓಡಬೇಕು ಅನ್ನಿಸುತ್ತಿತ್ತು. ಒಳಗೆ ನೋಡಿದಷ್ಟೂ ಭಯ ಹೆಚ್ಚಾಗುತ್ತಿತ್ತು. ಆಗ ನನ್ನನ್ನು ಉಳಿಸಿದ್ದು ಕಲ್ಪನೆಯೇ. ತವರಿನ ಅಂಗಳದ ಬೇವಿನ ಮರ, ಅದರ ಕೆಳಗಿನ ಹೊರಸು, ಹೊರಸಿನ ನಾರು ಬೆನ್ನಿಗೆ ಒತ್ತುವುದು, ಅಜ್ಜಿ ಜೋಳ ಕೇರುವ ಸದ್ದು. ಅಲ್ಲಿ ಮಲಗಿದ್ದೇನೆ ಅಂದುಕೊಂಡರೆ ಮಾತ್ರ ಮೈ ನೆಲಕ್ಕೆ ಇಳಿಯುತ್ತಿತ್ತು. ಆರು ತಿಂಗಳೋ ವರ್ಷವೋ, ಅಷ್ಟು ಕಾಲ ಅದನ್ನೇ ಹಿಡಿದುಕೊಂಡೆ. ಈಗ ಉಸಿರನ್ನು ನೋಡುವ ಧೈರ್ಯ ಬಂದಿದೆ.

ಹಾಗಾಗಿ ಮೊದಲ ಮೆಟ್ಟಿಲು ಅಂತ ಹಗುರವಾಗಿ ಹೇಳಬೇಡಿ ಮೇಷ್ಟ್ರೇ. ಕೆಲವರಿಗೆ ಆ ಮೆಟ್ಟಿಲ ಮೇಲೆ ಬಹಳ ದಿನ ಕೂರಬೇಕಾಗುತ್ತದೆ.

ಕೊಪ್ಪಳ ಫಿಜಿಯೋ

ಟೀಚರ್ ಹೇಳಿದ್ದು ನೂರಕ್ಕೆ ನೂರು ನಿಜ. ಭಯ, ಆತಂಕ ಇರುವವರಿಗೆ ಉಸಿರಿನ ಕಡೆ ಗಮನ ಕೊಟ್ಟರೆ ಅದು ಹೆಚ್ಚಾಗುವುದುಂಟು. ಅಂಥವರು ಕಣ್ಣು ತೆರೆದೇ ಶವಾಸನ ಮಾಡಬಹುದು, ಮಗ್ಗುಲಾಗಿ ಮಲಗಬಹುದು, ಉಸಿರಿನ ಬದಲು ಅಂಗೈ ಅಥವಾ ಪಾದವನ್ನು ಗಮನಿಸಬಹುದು. ಆತಂಕ ದಿನವೂ ಕಾಡುತ್ತಿದ್ದರೆ ವೈದ್ಯರನ್ನೂ ಕಾಣಬೇಕು.

ಟೀಚರ್ ಅವರ ಕಲ್ಪನೆಯಲ್ಲಿ ಹೊರಸಿನ ನಾರು ಬೆನ್ನಿಗೆ ಒತ್ತುವುದು ಇದೆ ನೋಡಿ. ಅದು ಅವರನ್ನು ಮೈಯಿಂದ ದೂರ ಒಯ್ಯಲಿಲ್ಲ, ಮೈಗೇ ತಂದಿತು. ನಾನು ಹೆದರುವುದು ಇನ್ನೊಂದು ಬಗೆಯ ಕಲ್ಪನೆಗೆ. ಪದ್ಮಾಸನದಲ್ಲಿ ಮಂಡಿ ಚುಚ್ಚುತ್ತಿರುತ್ತದೆ. ನೋವು ಬೆಳಕಾಗಿ ಕರಗುತ್ತಿದೆ ಅಂದುಕೊಳ್ಳಿ ಅಂತ ಯಾರೋ ಹೇಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಂಡಿ ಮುಖ್ಯವಾಗಿ ಮಡಚಿ ಬಿಚ್ಚುವ ಕೀಲು. ಪದ್ಮಾಸನಕ್ಕೆ ಬೇಕಾದ ತಿರುವು ಸೊಂಟದ ಕೀಲಿನಿಂದ ಬರಬೇಕು. ಸೊಂಟ ಬಿಗಿ ಇದ್ದರೆ ಆ ತಿರುವೆಲ್ಲ ಮಂಡಿಯ ಮೇಲೆ ಬೀಳುತ್ತದೆ, ಒಳಗಿನ ಮೃದ್ವಸ್ಥಿ ಹರಿಯಬಹುದು. ಚುಚ್ಚುವ ನೋವು ಬಂದರೆ ಕಾಲು ಬಿಚ್ಚಿ. ಆ ಕ್ಷಣಕ್ಕೆ ಅದಕ್ಕಿಂತ ದೊಡ್ಡ ಅರಿವು ಇಲ್ಲ.

ಪಾದದವರೆಗೆ ಉಸಿರಾಡಿ ಅನ್ನುವ ಮಾತನ್ನೂ ಇಲ್ಲೇ ನೋಡೋಣ. ಗಾಳಿ ಶ್ವಾಸಕೋಶ ದಾಟಿ ಹೋಗೋದಿಲ್ಲ. ಆದರೆ ಉಸಿರು ತೆಗೆದುಕೊಂಡಾಗ ಶ್ವಾಸಕೋಶದ ಕೆಳಗಿನ ಸ್ನಾಯು, ವಪೆ, ಒಂದೆರಡು ಸೆಂಟಿಮೀಟರ್ ಕೆಳಗಿಳಿಯುತ್ತದೆ, ಹೊಟ್ಟೆಯ ಅಂಗಗಳು ಕೆಳಕ್ಕೆ ಸರಿಯುತ್ತವೆ, ಕೆಳಗಿನ ಪಕ್ಕೆಲುಬು ಅಗಲವಾಗುತ್ತವೆ. ಎರಡೂ ಅಂಗೈ ಪಕ್ಕೆಯ ಮೇಲಿಟ್ಟು ಹೆಬ್ಬೆರಳು ಬೆನ್ನ ಕಡೆ ಮಾಡಿ ಕೂತರೆ ಕೈಗೇ ತಿಳಿಯುತ್ತದೆ. ಪಾದದವರೆಗೆ ಅಂದುಕೊಂಡಾಗ ಜನ ಹೊಟ್ಟೆ ಸಡಿಲ ಬಿಡುತ್ತಾರೆ, ಉಸಿರು ಆಳವಾಗುತ್ತದೆ. ಕಲ್ಪನೆ ಸುಳ್ಳಾದರೂ ಕೆಲಸ ನಿಜ. ಶೀತಲಿ ಪ್ರಾಣಾಯಾಮದಲ್ಲಿ ಆ ಕಲ್ಪನೆಯೂ ಬೇಕಾಗಿಲ್ಲ. ನಾಲಿಗೆ ಸುರುಳಿ ಮಾಡಿ ಉಸಿರು ಎಳೆದರೆ ನಾಲಿಗೆಯ ತೇವ ಆರುತ್ತದೆ, ತಂಪು ತಾನಾಗಿಯೇ ಸಿಗುತ್ತದೆ. ರಾಯಚೂರಿನ ಮೇ ತಿಂಗಳಲ್ಲೂ ಸಿಗುತ್ತದೆ.

ಪೈಲ್ವಾನ್ ಸರ್‌ಗೆ ಒಂದು ವಿಷಯ. 1995ರಲ್ಲಿ ಪಾಸ್ಕ್ವಾಲ್ ಲಿಯೋನೆ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಇದೆ. ಪಿಯಾನೋ ಮೇಲೆ ಐದು ಬೆರಳಿನ ಪಾಠವನ್ನು ಒಂದು ಗುಂಪು ಐದು ದಿನ ಕೈಯಲ್ಲಿ ನುಡಿಸಿತು, ಇನ್ನೊಂದು ಗುಂಪು ಕೈ ಆಡಿಸದೆ ಮನಸ್ಸಿನಲ್ಲೇ ನುಡಿಸಿತು. ಆ ಬೆರಳುಗಳನ್ನು ಆಳುವ ಮಿದುಳಿನ ಭಾಗದಲ್ಲಿ ಎರಡೂ ಗುಂಪಿಗೆ ಬದಲಾವಣೆ ಕಂಡಿತು. ನುಡಿಸುವುದರಲ್ಲಿ ಮಾತ್ರ ಕೈಯಾರೆ ಮಾಡಿದವರೇ ಮುಂದಿದ್ದರು. ನಿಮ್ಮ ಬೆವರಿಗೂ ಬೆಲೆ ಇದೆ, ಮನಸ್ಸಲ್ಲಿ ಆಡಿದ ಕುಸ್ತಿ ಪಟ್ಟಿಗೂ ಬೆಲೆ ಇದೆ.

ಸತ್ಯನಾರಾಯಣಪೇಟೆ ಗರಡಿ (ಬಳ್ಳಾರಿ)

ಒಪ್ಪಿದೆ ರೀ. ಉಸ್ತಾದರು ರಾತ್ರಿ ಮಲಗುವ ಮುಂಚೆ ನಾಳೆಯ ಕುಸ್ತಿ ಒಂದು ಸಲ ಆಡಿ ಮಲಗು ಅಂತ ಹೇಳುತ್ತಿದ್ದದ್ದು ನಿಜ.

ಕೌಲ್‌ಬಜಾರ್ ಟೈಲರ್ (ಬಳ್ಳಾರಿ)

ಎಲ್ಲರಿಗೂ ಕೈ ಮುಗಿದೆ. ವೀರಭದ್ರಾಸನದ ಕೈ ಪರೀಕ್ಷೆ ಮಾಡಿದೆ. ನನ್ನ ಬಲಗೈ ಹಿಂದೆ ಇದ್ದಾಗ ಚೆನ್ನಾಗಿಯೇ ಇಳಿದಿತ್ತು. ಹೆಂಡತಿ ಹಿಡಿದು ಮಟ್ಟಕ್ಕೆ ಎತ್ತಿದರೆ ಆಕಾಶಕ್ಕೆ ಎತ್ತಿದಂತೆ ಅನ್ನಿಸಿತು. ನಾನು ವರ್ಷಗಟ್ಟಲೆ ಈ ಭುಜವನ್ನು ಹೊತ್ತು ತಿರುಗಿದ್ದೇನೆ, ಅದು ಎಲ್ಲಿದೆ ಅನ್ನೋದೇ ನನಗೆ ಗೊತ್ತಿರಲಿಲ್ಲ!

ನನಗೆ ಅರ್ಥವಾದದ್ದು ನಮ್ಮ ಕೆಲಸದ ಮಾತಲ್ಲಿ ಹೇಳುತ್ತೇನೆ. ಬಟ್ಟೆ ಸರಿಯದಿರಲಿ ಅಂತ ಮೊದಲು ಕಚ್ಚಾ ಹೊಲಿಗೆ ಹಾಕುತ್ತೇವೆ. ಮಷಿನ್ ಹೊಲಿಗೆ ಬಿದ್ದ ಮೇಲೆ ಆ ದಾರ ಎಳೆದು ತೆಗೆಯುತ್ತೇವೆ. ಕಲ್ಪನೆಯೂ ಹಾಗೆ ಅಂತ ಕಾಣುತ್ತದೆ. ಟೀಚರ್ ಅವರ ಬಟ್ಟೆಗೆ ಕಚ್ಚಾ ಜಾಸ್ತಿ ದಿನ ಬೇಕಾಯಿತು.

ಈಗ ಒಂದೇ ಪ್ರಶ್ನೆ. ಚಿತ್ರ ಬಾರದವನು ಶವಾಸನದ ಆ ಹದಿನೈದು ನಿಮಿಷ ಏನು ಮಾಡಬೇಕು? ಗುರುಗಳು ಹೇಳುತ್ತಲೇ ಇರುತ್ತಾರಲ್ಲ.

ಗಂಗಾವತಿ ನಿವೃತ್ತ ಮೇಷ್ಟ್ರು

ನಿಮಗೆ ಹಠಯೋಗ ಪ್ರದೀಪಿಕೆಯ ನಾಲ್ಕನೇ ಅಧ್ಯಾಯದ ದಾರಿ ಒಗ್ಗುತ್ತದೆ ಅನ್ನಿಸುತ್ತದೆ. ಅಲ್ಲಿ ಗ್ರಂಥ ಬರೆದ ಸ್ವಾತ್ಮಾರಾಮರು ಕಣ್ಣಿಗಿಂತ ಕಿವಿಗೆ ಹೆಚ್ಚು ಜಾಗ ಕೊಟ್ಟಿದ್ದಾರೆ. ನಾದದ ಅಭ್ಯಾಸ. ಮೊದಲು ಸಮುದ್ರ, ಮೋಡ, ಭೇರಿಯಂಥ ದೊಡ್ಡ ಸದ್ದು, ನಡುವೆ ಮದ್ದಳೆ, ಶಂಖ, ಗಂಟೆ, ಕೊನೆಗೆ ಗೆಜ್ಜೆ, ಕೊಳಲು, ವೀಣೆ, ದುಂಬಿಯಂಥ ಸಣ್ಣ ಸದ್ದು. ಇದನ್ನೂ ಕೇಳಲೇಬೇಕು ಅಂತ ಹಟ ಹಿಡಿಯಬೇಡಿ, ಮತ್ತೆ ಅದೇ ಬಲೆಗೆ ಬೀಳುತ್ತೀರಿ. ಶವಾಸನಕ್ಕೆ ಮುಂಚೆ ಐದಾರು ಸಲ ಭ್ರಾಮರಿ ಮಾಡಿ. ಕಿವಿ ಮುಚ್ಚಿ ಮೂಗಿನಿಂದ ಗುಂಯ್ ಅನ್ನಿಸಿದಾಗ ದವಡೆ, ಹಣೆ, ಎದೆಯ ಮೂಳೆ ಅದುರುತ್ತವೆ. ಸದ್ದು ನಿಂತ ಮೇಲೆ ಆ ಅದುರು ಎಲ್ಲಿಯವರೆಗೆ ಉಳಿದಿದೆ ಅಂತ ಕೇಳುತ್ತಾ ಮಲಗಿ.

ಸಿಂಧನೂರು ಅಕ್ಕ

ಯೋಗನಿದ್ರೆಯ ಮೊದಲ ಭಾಗವೂ ನಿಮಗೆ ಆಗುತ್ತದೆ ಅಣ್ಣಾ. ಮುಂಗೇರ್‌ನ ಬಿಹಾರ್ ಯೋಗ ಶಾಲೆಯ ಸ್ವಾಮಿ ಸತ್ಯಾನಂದರು ನ್ಯಾಸದಿಂದ, ಅಂದರೆ ಮಂತ್ರ ಹೇಳುತ್ತಾ ಮೈಯ ಒಂದೊಂದು ಭಾಗ ಮುಟ್ಟುವ ತಂತ್ರದ ವಿಧಿಯಿಂದ, ತೆಗೆದು ರೂಪಿಸಿದ್ದು. ಬಲಗೈ ಹೆಬ್ಬೆರಳಿನಿಂದ ಶುರು, ತೋರುಬೆರಳು, ನಡುಬೆರಳು, ಹೀಗೆ ಹೆಸರು ಹೇಳುತ್ತಾ ಮೈಯೆಲ್ಲಾ ಸುತ್ತುವುದು. ಏನೂ ನೋಡಬೇಕಾಗಿಲ್ಲ, ಆ ಬೆರಳು ಇದೆ ಅನ್ನೋದು ಗೊತ್ತಾದರೆ ಸಾಕು. ಚಿತ್ರಗಳು ಬರುವ ಭಾಗ ಆಮೇಲೆ ಇದೆ, ಅಲ್ಲಿ ನೀವು ಬೆರಳುಗಳಿಗೇ ವಾಪಸ್ ಬನ್ನಿ. ಗುರುಗಳ ಮಾತು ಅದರ ಪಾಡಿಗೆ ಅದು ನಡೆಯಲಿ.

ಕೊಪ್ಪಳ ಫಿಜಿಯೋ

ಕುತ್ತಿಗೆ, ಭುಜದವರಿಗೆ ಕೊನೆಯದಾಗಿ. ಮಲಗುವಾಗ ತಲೆ ಕೆಳಗೆ ಟವೆಲ್ ಎರಡು ಮಡಿಕೆ ಹಾಕಿ, ಗದ್ದ ಮೇಲೇಳಬಾರದು. ಬಲ ತೋಳಿನ ಕೆಳಗೂ ತೆಳು ದಿಂಬು ಇಡಿ, ಅಂಗೈಯನ್ನು ಬಲವಂತವಾಗಿ ಮೇಲ್ಮುಖ ತಿರುಗಿಸಬೇಡಿ. ಮೊದಲ ಎರಡು ನಿಮಿಷ ಎಡ ಭುಜದ ಹಿಂಭಾಗ ನೆಲಕ್ಕೆ ಎಷ್ಟು ತಾಗಿದೆ, ಬಲದ್ದು ಎಷ್ಟು ತಾಗಿದೆ, ಇಷ್ಟನ್ನೇ ಗಮನಿಸಿ. ಸರಿಮಾಡಲು ಹೋಗಬೇಡಿ. ಬೆರಳು ಜುಮ್ಮೆನ್ನುವುದು, ರಾತ್ರಿ ಕೈ ಮರಗಟ್ಟುವುದು ಇದ್ದರೆ ಆಸನ ನಿಲ್ಲಿಸಿ ಒಂದು ಸಲ ಮೂಳೆ ಡಾಕ್ಟರಿಗೆ ತೋರಿಸಿ, ಅದು ಕುತ್ತಿಗೆಯ ನರದ್ದಿರಬಹುದು. ಮಷಿನ್‌ನ ಸ್ಟೂಲ್ ಎತ್ತರ ಎಷ್ಟಿದೆ ಅಂತ ಇಲ್ಲಿ ಬರೆಯಿರಿ, ಅದನ್ನೂ ನೋಡೋಣ.